ಮಿಸ್, ನೀವು ನಿಜವಾಗ್ಲೂ ಟೀಚರ್ರಾ?

"ಮಿಸ್... ನೀವು ನಿಜವಾಗ್ಲೂ ಟೀಚರ್ರಾ?"

ಕೊನೆಯ ಬೆಂಚಿನಿಂದ ಬಂದ ದನಿ ಹತ್ತು ವರ್ಷದ, ಮೂಗು ಕಟ್ಟಿದ ಹುಡುಗನದು. ಕೇಳಿದವನಿಗೆ ಮಾತ್ರ ಪೊದೆ ಮೀಸೆ!

ತೇಜಸ್ವಿನಿಯ ಮಾರ್ಕರ್ ಬೋರ್ಡಿನ ಮೇಲೇ ನಿಂತಿತು.

ಬಾಗಲೂರಿನ ಆ ಶಾಲೆಗೆ ಕೆಲಸ ಕೇಳಿ ಬಂದವರು ಮೊದಲು ಡೆಮೊ ಪಾಠ ಮಾಡಬೇಕು. ಅಲ್ಲಿನ ಟೀಚರುಗಳೇ ಮಕ್ಕಳಾಗಿ ಬೆಂಚಿನ ಮೇಲೆ ಕೂರುತ್ತಾರೆ, ಮಕ್ಕಳಂತೆಯೇ ಕಾಡುತ್ತಾರೆ. ಅದು ಅವಳಿಗೂ ಗೊತ್ತಿತ್ತು. ಆದರೆ ಈ ಪ್ರಶ್ನೆ...! ನೇರವಾಗಿ ಗಾಯದ ಮೇಲೇ ಬಿತ್ತು.

ಐರ್ಲೆಂಡಿನಲ್ಲಿ ಓದಿ ತಂದ ಅವಳ ಟೀಚಿಂಗ್ ಡಿಗ್ರಿ ಇಲ್ಲಿನ ಬಿ.ಎಡ್.ಗೆ ತತ್ಸಮಾನ ಎಂದು ದಿಲ್ಲಿಯ ಕಚೇರಿಯೊಂದು ಬರೆದುಕೊಡಬೇಕಿತ್ತು. ಅಲ್ಲಿ ಪೂರ್ತಿ ಟೀಚರ್ ಆಗಿ ವಿಮಾನ ಹತ್ತಿದವಳು, ದೇವನಹಳ್ಳಿಯಲ್ಲಿ ಅರ್ಧ ಟೀಚರ್ ಆಗಿ ಇಳಿದಿದ್ದಳು!

"ಪಾಠ ಚೆನ್ನಾಗಿತ್ತಮ್ಮಾ," ಎಂದರು ಹೆಡ್‌ಮಿಸ್ ಬೈರಮ್ಮ. "ಆದ್ರೆ ಸದ್ಯಕ್ಕೆ ಅಸಿಸ್ಟೆಂಟ್ ಅಷ್ಟೇ. ಟರ್ಮ್ ಮುಗಿಯೋದ್ರೊಳಗೆ ದಿಲ್ಲಿ ಪತ್ರ ಬಂದ್ರೆ ಕೆಲಸ ಪಕ್ಕಾ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ. ಅಲ್ಲೀವರೆಗೂ ಶರಣು ಸರ್ ಕ್ಲಾಸಲ್ಲಿರಿ."

ಶರಣು ಸರ್ ಎಂದರೆ... ಅದೇ ಮೀಸೆ!

ಗದಗಿನ ಕಡೆಯಿಂದ ಬಂದು ಯಲಹಂಕದಲ್ಲಿ ರೂಮು ಮಾಡಿಕೊಂಡಿದ್ದ ಕನ್ನಡ ಮೇಷ್ಟ್ರು. ಪಾಠದ ನಡುವೆ ಹೆಬ್ಬಾಳದ ಜಾಮಿನಲ್ಲಿ ಸಿಕ್ಕಿಕೊಂಡ ಕಂಡಕ್ಟರ್ ಆಗುತ್ತಿದ್ದ, ಬೈರಮ್ಮನವರ ಕೆಮ್ಮಾಗುತ್ತಿದ್ದ, ಕುಕ್ಕರಿನ ಸೀಟಿಯೂ ಆಗುತ್ತಿದ್ದ. ಮಕ್ಕಳು ನಕ್ಕೂ ನಕ್ಕೂ ಪದ್ಯ ಬಾಯಿಪಾಠ ಮಾಡಿಬಿಡುತ್ತಿದ್ದವು. ಹಿಂದಿನ ಬೆಂಚಿನಲ್ಲಿ ಮುಖ ಗಂಟಿಕ್ಕಿ ಕೂತ ತೇಜಸ್ವಿನಿಗೂ ಒಮ್ಮೊಮ್ಮೆ ನಗು ತಡೆಯಲಾಗುತ್ತಿರಲಿಲ್ಲ.

'ಇಷ್ಟೊಂದು ದನಿ ಇದೆಯಲ್ಲಾ... ಇವನ ಸ್ವಂತ ದನಿ ಹೇಗಿರಬಹುದು?'

ಈ ಕುತೂಹಲ ಅವಳೊಂದಿಗೆ ಬಸ್ಸಿನಲ್ಲಿ ಹುಣಸಮಾರನಹಳ್ಳಿಯ ಮನೆಯವರೆಗೂ ಬರತೊಡಗಿತು. ಟಿಕೆಟ್ಟಿಲ್ಲದೆ!

ಆಮೇಲೆ ಆ ಸೋಮವಾರ ಬಂತು. ಸ್ಟಾಫ್ ರೂಮಿನ ಫೋನು ಮೊಳಗಿತು. ಅವಳೇ ಎತ್ತಿದಳು.

"ತೇಜಸ್ವಿನಿ ಜೀ? ದಿಲ್ಲಿ ಸೇ. ಯುವರ್ ಫೈಲ್ ಪಾಸ್ ಹೋ ಗಯಾ!"

"ನಿಜಾನಾ ಸರ್? ಅಯ್ಯೋ... ಥ್ಯಾಂಕ್ಯೂ ಸರ್! ಥ್ಯಾಂಕ್ಯೂ!"

ಹಿಂದಿನಿಂದ ಎಲ್ಲರೂ ಗೊಳ್ಳೆಂದರು. ಪಕ್ಕದ ಕೋಣೆಯಿಂದ ಮೊಬೈಲ್ ಹಿಡಿದು ಬಂದ ಶರಣು ಅವಳ ಮುಖ ನೋಡಿದವನೇ ನಗು ನುಂಗಿದ. ಅವಳ ಕಣ್ಣು ತುಂಬಿತ್ತು.

"ನಿಮಗಿದು ತಮಾಷೆ ಅಲ್ವಾ? ನನಗೆ ಇದೇ ಜೀವನ ಕಣ್ರೀ!"

ಶರಣು ಮೊಬೈಲನ್ನು ಜೇಬಿಗಿಳಿಸಿ ಹೊರಗೆ ನಡೆದ. ಅಂದಿನಿಂದ ಅವನು ಅವಳೆದುರು ಮಿಮಿಕ್ರಿ ಬಿಟ್ಟ. ಮಾತನ್ನೂ ಬಿಟ್ಟ.

ಟರ್ಮಿನ ಕೊನೆಯ ವಾರ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅದೇ ಹಿಂದಿ ಬೆರೆತ ಇಂಗ್ಲಿಷು!

"ತೇಜಸ್ವಿನಿ ಜೀ? ದಿಲ್ಲಿಯಿಂದ. ನೀವು ಕ್ಲಾಸಿನಲ್ಲಿ ನಿಂತು ನಿಜವಾಗ್ಲೂ ಪಾಠ ಮಾಡಿದ್ದೀರೋ, ಇಲ್ಲಾ ಆನ್‌ಲೈನ್ ಕೋರ್ಸೋ?"

ನಿಜವಾಗ್ಲೂ...! ಮತ್ತೆ ಅದೇ ಪ್ರಶ್ನೆ!

"ಮತ್ತೆ ಶುರು ಮಾಡಿದ್ರಾ? ನಾಚಿಕೆ ಆಗಲ್ವಾ ನಿಮಗೆ?" ಎಂದು ಇಂಗ್ಲಿಷಿನಲ್ಲೇ ಜಾಡಿಸಿ ಕರೆ ಕತ್ತರಿಸಿದಳು.

ಆಗಲೇ ಎದುರಿಗೆ ಶರಣು ಬಂದ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಮುಚ್ಚಳ. ಬಾಯಿ ತುಂಬ ರೊಟ್ಟಿ!

ಅವಳು ಒಮ್ಮೆ ಫೋನನ್ನು, ಒಮ್ಮೆ ಅವನನ್ನು ನೋಡಿದಳು. "ನೀವು... ಈಗ ಫೋನ್ ಮಾಡ್ಲಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಹಾಗಾದ್ರೆ ನಾನು ಬೈದಿದ್ದು... ಅಯ್ಯೋ ದೇವರೇ! ಮುಗೀತು... ಎಲ್ಲಾ ಮುಗೀತು!"

ರೊಟ್ಟಿ ನುಂಗಿ, ಡಬ್ಬಿ ಕೆಳಗಿಟ್ಟು ಅವನು ಕೈ ಚಾಚಿದ. "ಫೋನ್ ಕೊಡ್ರಿ."

ಅದೇ ನಂಬರಿಗೆ ತಿರುಗಿ ಮಾಡಿ ಸ್ಪೀಕರ್ ಹಾಕಿದ. ತನ್ನ ಹರಕು ಇಂಗ್ಲಿಷಿನಲ್ಲಿ ಹೇಳತೊಡಗಿದ. "ಸರ್, ನಾನು ಶರಣು ಅಂತ, ಇದೇ ಶಾಲೆಯವನು. ತಪ್ಪು ನಂದು. ದಿಲ್ಲಿ ಆಫೀಸಿನವರಂಗ ಮಾತಾಡಿ ಇವರಿಗೆ ಒಮ್ಮೆ ಮೋಸ ಮಾಡೀನಿ. ಇವತ್ತೂ ನಾನೇ ಅಂದ್ಕೊಂಡು ಬೈದ್ರು. ಶಿಕ್ಷೆ ನನಗ ಕೊಡ್ರಿ. ಅವರ ಫೈಲ್ ವಾಪಸ್ ಕಳಿಸಬ್ಯಾಡ್ರಿ."

ಆ ದನಿ ತುಸು ಒರಟು, ತುಸು ನಡುಕ. ಯಾರದ್ದೂ ಅಲ್ಲ...

'ಇದೇ... ಇದೇ ಇವನ ಸ್ವಂತ ದನಿ!'

ಆ ಕಡೆ ಅಧಿಕಾರಿಯ ದನಿ ಚುರುಕಾಯಿತು. "ನಮ್ಮವರಂತೆ ಮಾತಾಡ್ತೀರಾ? ಎಲ್ಲಿ, ಈಗ ನನ್ನಂತೆ ಮಾಡಿ ತೋರಿಸಿ!"

"ಬ್ಯಾಡ ಬಿಡ್ರಿ ಸರ್..."

"ಮಾಡಿ ಅಂದೆ!"

ಅವನು ತೇಜಸ್ವಿನಿಯ ಮುಖ ನೋಡಿದ. ಅವಳು ಹೂಂ ಎಂದು ಮೆಲ್ಲಗೆ ತಲೆಯಾಡಿಸಿದಳು. ಮಾಡಿದ. ಆ ಕಡೆಯಿಂದ ಕೆಮ್ಮು ಬಂತು. ಕೆಮ್ಮು ನಗುವಾಯಿತು.

"ಬಾಪ್ ರೇ! ನನ್ನ ಹೆಂಡತಿಗೂ ಗೊತ್ತಾಗೋದಿಲ್ಲ! ಸರಿ, ಮೇಡಂಗೆ ಕೊಡಿ. ಹೇಳಿ ಮೇಡಂ, ಐರ್ಲೆಂಡಿನ ಆ ಕ್ಲಾಸಿನ ಮೊದಲ ದಿನ ನೆನಪಿದೆಯಾ?"

ತೇಜಸ್ವಿನಿ ಫೋನು ಕೈಗೆ ತೆಗೆದುಕೊಂಡಳು.

"ಇದೆ ಸರ್. ಒಬ್ಬ ಕೆಂಪು ಕೂದಲಿನ ಹುಡುಗ ಎದ್ದು, ನೀವು ನಿಜವಾಗ್ಲೂ ಟೀಚರ್ರಾ ಅಂತ ಕೇಳಿದ. 'ಇನ್ನೂ ಇಲ್ಲ. ನೀನು ಕಲಿತ ದಿನ ಆಗ್ತೀನಿ' ಅಂದೆ. ಅವನಿಗೆ ಭಿನ್ನರಾಶಿ ಬರೋವರೆಗೂ ಬಿಡ್ಲಿಲ್ಲ."

"ಹಾಜರಾತಿ ಬಗ್ಗೆ ನಿಮ್ಮ ಯೂನಿವರ್ಸಿಟಿಯಿಂದ ಒಂದು ಮೇಲ್ ತರಿಸಿ," ಎಂದಿತು ಆ ದನಿ, ಈಗ ತುಂಬ ಮೆತ್ತಗೆ. "ಇವತ್ತೇ."

ಸಂಜೆಯೊಳಗೆ ಮೇಲ್ ಹೋಯಿತು. ಟರ್ಮ್ ಮುಗಿಯುವ ಮುನ್ನಾದಿನ ಪತ್ರ ಬಂತು. ಬೈರಮ್ಮನವರು ಕೆಮ್ಮುತ್ತಲೇ ಅವಳ ಬಾಯಿಗೆ ಮೈಸೂರು ಪಾಕ್ ಇಟ್ಟರು.

ಶಾಲೆ ಬಿಟ್ಟ ಮೇಲೆ ತೇಜಸ್ವಿನಿ ಖಾಲಿ ಕ್ಲಾಸಿಗೆ ಹೋದಳು. ಕೊನೆಯ ಬೆಂಚಿನಲ್ಲಿ ಶರಣು!

"ಮಿಸ್..." ಎಂದ ಮೂಗು ಕಟ್ಟಿದ ಹುಡುಗ.

"ಊಹೂಂ. ನಿಮ್ಮ ಸ್ವಂತ ದನೀಲಿ."

ಅವನು ಎದ್ದು ನಿಂತ. ಮೀಸೆ ನೀವಿಕೊಂಡ.

"ತೇಜಸ್ವಿನಿಯವ್ರ... ಎಲ್ಲರ ದನಿ ಕಲತೆ, ನಂದು ಯಾರಿಗೂ ಬ್ಯಾಡ ಅಂದ್ಕೊಂಡಿದ್ದೆ. ಅವತ್ತು ನೀವು ಅತ್ತಿದ್ದು ನೋಡಿ ನನ್ನ ಮ್ಯಾಲ ನನಗ ಸಿಟ್ಟು ಬಂತು. ನೀವಂದ್ರ ನನಗ ಜೀವ. ನಾ ನಿಮಗ ತತ್ಸಮಾನ ಆಗ್ತೀನೇನ್ರಿ?"

ಅವಳು ತುಟಿ ಕಚ್ಚಿ ನಗು ಮರೆಸಿದಳು. "ನಮ್ಮಜ್ಜಿ ಸೊಣ್ಣಮ್ಮನ ಮುಂದೆ ಡೆಮೊ ಕೊಡ್ಬೇಕು. ಭಾನುವಾರ ಬನ್ನಿ. ಮಿಮಿಕ್ರಿ ನಡೆಯಲ್ಲ."

"ಅಜ್ಜಿ ಏನ್ ಕೇಳ್ತಾರ್ರಿ?"

"'ನೀನು ನಿಜವಾಗ್ಲೂ ನಮ್ಮನೆ ಅಳಿಯನಾ?' ಅಂತಾಳೆ."

"ನಾ ಏನ್ ಹೇಳ್ಲಿ?"

ತೇಜಸ್ವಿನಿ ಅವನ ಕೈ ಹಿಡಿದುಕೊಂಡಳು.

"'ಇನ್ನೂ ಇಲ್ಲ' ಅನ್ನಿ... ಉಳಿದಿದ್ದು ನಾನು ಹೇಳ್ತೀನಿ."