ಫೌಂಡ್ರಿ ದಾರಿಯಲ್ಲಿ ನಿಲ್ಲುವ ಪಿಕಪ್

ಕೃಪಾ ಹೊಳೆವ್ವನವರ ಮನೆಗೆ ಬಂದವಳೇ ಪಿಕಪ್ಪಿನ ಕೀಲಿಯನ್ನು ಟೀಪಾಯಿಯ ಮೇಲೆ ಎಸೆದಳು. "ಇದನ್ನ ಯಾರಿಗಾದ್ರೂ ಕೊಟ್ಬಿಡಿ ಮೇಡಂ. ಆ ಗಾಡಿ ಮುಖ ನೋಡಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ," ಎಂದಳು.

ನಾಗಸಂದ್ರ ಮೆಟ್ರೊ ನಿಲ್ದಾಣದ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಹೊಳೆವ್ವನವರದ್ದೂ ನನ್ನದೂ ಎದುರುಬದುರು ಮನೆ. ನಾನು ಗುರುರಾಜ, ನಿವೃತ್ತ ಕನ್ನಡ ಮಾಸ್ತರ. ಹೊಳೆವ್ವನವರು ರೋಣದ ಕಡೆಯವರು. ವಿಮಾ ಕಂಪನಿಗಳ ಪರವಾಗಿ ವಾಹನಗಳನ್ನು ಪರೀಕ್ಷಿಸುವ ಸರ್ವೇಯರ್ ಆಗಿದ್ದವರು. ಸುಟ್ಟ ಲಾರಿ ತಾನಾಗಿ ಸುಟ್ಟಿತೋ, ಯಾರಾದರೂ ಸುಟ್ಟರೋ ಎಂದು ಕಂಡುಹಿಡಿಯುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ನಿವೃತ್ತರಾದ ಮೇಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಯಾರೇ ಬಂದರೂ ಅವರು ನನ್ನ ಬಾಗಿಲು ಬಡಿದು ಕರೆಯುತ್ತಿದ್ದರು. ಕೇಳಿದ ಮಾತು ನನಗೆ ಮರೆಯುವುದಿಲ್ಲ ಎಂಬುದು ಅವರ ನಂಬಿಕೆ.

ಕೃಪಾ ಟಿ. ದಾಸರಹಳ್ಳಿಯ ಹಳೇ ಒಕ್ಕಲು ಮನೆತನದ ಹೆಣ್ಣುಮಗಳು. ತಂದೆ ಗೋಪಾಲಪ್ಪನವರ ಜಮೀನಿನಲ್ಲಿ ಎದ್ದ ಶೆಡ್ಡಿನಲ್ಲಿ, ಪೀಣ್ಯದ ಪಂಪ್ ಕಂಪನಿಯೊಂದಕ್ಕೆ ಹಿತ್ತಾಳೆಯ ವಾಲ್ವ್‌ಗಳನ್ನು ಮಾಡಿಕೊಡುತ್ತಿದ್ದಳು. ಲೇತ್‌ನಲ್ಲಿ ಕಡೆಯುವಾಗ ಉದುರುವ ಹಿತ್ತಾಳೆ ಚೂರನ್ನು ಡ್ರಮ್ಮುಗಳಲ್ಲಿ ತುಂಬಿ ದಾಬಸ್‌ಪೇಟೆಯ ಫೌಂಡ್ರಿಗೆ ಕಳಿಸಬೇಕು. ಅವರು ಅದನ್ನು ಕರಗಿಸಿ ಸರಳುಗಳನ್ನಾಗಿ ಮಾಡಿ ವಾಪಸು ಕೊಡುತ್ತಾರೆ. ಸರಳು ಬಂದರೆ ಕೆಲಸ, ಇಲ್ಲದಿದ್ದರೆ ಯಂತ್ರಗಳು ಸುಮ್ಮನೆ ನಿಲ್ಲುತ್ತವೆ. ಈ ಓಡಾಟಕ್ಕೆಂದೇ ಹೊಸ ಪಿಕಪ್ ಕೊಂಡಿದ್ದಳು. ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಆ ಗಾಡಿ ಪದೇ ಪದೇ ದಾರಿಯಲ್ಲಿ ನಿಲ್ಲುತ್ತಿತ್ತು. ಮೊದಲ ಸಲ ಶೋರೂಮಿನವರು ಸೆನ್ಸರ್ ಹೋಗಿದೆ ಎಂದು ಬದಲಾಯಿಸಿದರು. ಮುಂದಿನ ಸಲ ಡೀಸೆಲ್ ಪಂಪು ಎಂದರು, ಆಮೇಲೆ ವೈರಿಂಗು, ಆಮೇಲೆ ಬಂಕಿನ ಡೀಸೆಲ್ಲೇ ಸರಿಯಿಲ್ಲ ಎಂದರು. ಪ್ರತಿ ಸಲವೂ ಕಂಪ್ಯೂಟರ್ ಹಚ್ಚಿ ನೋಡಿದಾಗ ಹೊಸದೊಂದು ಕಾಯಿಲೆ ಕಾಣುತ್ತಿತ್ತು. ಪ್ರತಿ ಸಲವೂ ಗಾಡಿ ಗುಣವಾಗಿ ಬರುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಹೊರಗಿನ ಮೆಕ್ಯಾನಿಕ್ ಮುಟ್ಟಿದರೆ ವಾರಂಟಿ ಹೋಗುತ್ತದೆ ಎಂಬ ಬೆದರಿಕೆ ಬೇರೆ. ಕಸ್ಟಮರ್ ಕೇರಿಗೆ ಫೋನು ಮಾಡಿದರೆ ನಿಮ್ಮ ಸಮಸ್ಯೆಯನ್ನು ಮೊದಲಿನಿಂದ ಹೇಳಿ ಎನ್ನುತ್ತಿದ್ದರಂತೆ.

"ಇನ್ನೊಂದು ಕೇಳಿ ಮೇಡಂ. ಅಪ್ಪ ಹಸುಗೆ ಮೇವು ತರೋಕೆ ತಗೊಂಡೋದ್ರೆ ಅದು ಒಂದ್ಸಲಾನೂ ನಿಂತಿಲ್ಲ. ನನ್ನ ಕೆಲಸಕ್ಕೆ ಮಾತ್ರ ನಿಲ್ಲುತ್ತೆ. ಗಾಡಿಗೂ ನನ್ನ ಕಂಡ್ರೆ ಆಗಲ್ಲ ಅನ್ಸುತ್ತೆ."

ತಮ್ಮ ಶ್ರೀಧರನಿಗೆ ಡ್ರೈವರ್ ಯಮನಪ್ಪನ ಮೇಲೆ ಅನುಮಾನವಂತೆ. ಬೇಕೆಂದೇ ಗಾಡಿ ಕೆಡಿಸುತ್ತಿದ್ದಾನೆ, ಈ ವಾರವೇ ಕೆಲಸದಿಂದ ತೆಗೆದುಬಿಡು ಎಂದು ಹಟ ಹಿಡಿದಿದ್ದ. ಕೃಪಾಳ ಅನುಮಾನ ತಂದೆಯ ಮೇಲೂ ಇತ್ತು. ಹೊಸ ಗಾಡಿ ಬೇಡವೆಂದು ಮೊದಲಿನಿಂದ ಹೇಳಿದವರು ಅವರೇ, ಮುಂಜಾನೆ ಗಾಡಿಯ ಬಳಿ ಬಗ್ಗಿ ಏನೋ ಮಾಡುತ್ತಿದ್ದುದನ್ನು ಅವಳೇ ಕಂಡಿದ್ದಳು. ಇದರ ಜೊತೆಗೆ ಫೌಂಡ್ರಿಯವರ ಕಿರಿಕಿರಿ. ನಿಮ್ಮ ಚೂರು ಒದ್ದೆಯಾಗಿ ಬರುತ್ತದೆ, ಕರಗಿಸಿದರೆ ಕಡಿಮೆ ಸಿಗುತ್ತದೆ ಎಂದು ಬೈಯುತ್ತಿದ್ದರು. ಸರಳು ತಡವಾದರೆ ಆರ್ಡರ್ ಬೇರೆಯವರಿಗೆ ಕೊಡುತ್ತೇವೆ ಎಂದು ಪಂಪ್ ಕಂಪನಿ ಆಗಲೇ ಹೇಳಿಬಿಟ್ಟಿತ್ತು. ಶೆಡ್ಡಿನಲ್ಲಿ ದುಡಿಯುವ ಹೆಂಗಸರೆಲ್ಲ ಈ ಆರ್ಡರನ್ನೇ ನಂಬಿದ್ದರು.

ಹೊಳೆವ್ವನವರು ಎರಡೇ ಪ್ರಶ್ನೆ ಕೇಳಿದರು. ಗಾಡಿ ನಿಂತಾಗಲೆಲ್ಲ ಅದರಲ್ಲಿ ಏನಿತ್ತು? ಫೌಂಡ್ರಿಗೆ ಹೋಗುವ ಹಿತ್ತಾಳೆ ಚೂರು ಎಂದಳು ಕೃಪಾ. ವಾಲ್ವಿನ ಹಿಡಿಗಳನ್ನು ಕಡೆದಾಗ ಬೀಳುವ ಕಬ್ಬಿಣದ ಚೂರನ್ನು ರಾಜಗೋಪಾಲನಗರದ ಗುಜರಿಗೆ ಒಯ್ಯುವಾಗ ಎಂದೂ ನಿಂತದ್ದಿಲ್ಲ, ಆದರೆ ಅದು ಹತ್ತಿರದ ದಾರಿ. ನಿಂತ ಮೇಲೆ ಮಾಲು ಹೇಗೆ ಮುಂದಕ್ಕೆ ಹೋಯಿತು? ಯಮನಪ್ಪ ಶೆಡ್ಡಿಗೆ ಫೋನು ಮಾಡುತ್ತಾನೆ, ಶ್ರೀಧರ ಬಾಡಿಗೆ ಟೆಂಪೋದ ನಲ್ಲಪ್ಪನನ್ನು ಕಳಿಸುತ್ತಾನೆ. ಆ ನಲ್ಲಪ್ಪನೊಬ್ಬ ಇಲ್ಲದಿದ್ದರೆ ತಾನು ಎಂದೋ ಬಾಗಿಲು ಹಾಕಬೇಕಿತ್ತು ಎಂದಳು ಕೃಪಾ.

ಮರುದಿನ ನಾವು ಶೆಡ್ಡಿಗೆ ಹೋದೆವು. ಬಿಳಿ ಪಿಕಪ್ ಅಂಗಳದಲ್ಲಿ ನಿಂತಿತ್ತು, ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ಶ್ರೀಧರ ನಮ್ಮನ್ನು ಕಂಡೊಡನೆ ಶೋರೂಮಿನವರಿಗೆ ಹಿಡಿಶಾಪ ಹಾಕಿದ. ತಾನು ಅಲ್ಲಿ ಹೋಗಿ ಜಗಳವಾಡಿದ್ದನ್ನು, ವಿಡಿಯೊ ಮಾಡಿ ಎಲ್ಲರಿಗೂ ಕಳಿಸಿದ್ದನ್ನು ವಿವರವಾಗಿ ಹೇಳಿದ. ಅಷ್ಟು ಸಿಟ್ಟು ಕೃಪಾಳಿಗೂ ಇರಲಿಲ್ಲ.

ಗೋಪಾಲಪ್ಪನವರು ಬೇವಿನ ಕಟ್ಟೆಯ ಮೇಲೆ ಕೂತಿದ್ದರು. "ಒಸ ಗಾಡಿ ಅಂದ್ರೆ ಇಂಗೇಯ. ಬರೀ ವೈರು. ನಮ್ಮ ಅಳೇ ಟೆಂಪೋನ ಕಲ್ಲಲ್ಲಿ ಒಡೆದ್ರೂ ಓಡೋದು," ಎಂದು ಮುಖ ತಿರುಗಿಸಿದರು.

ಯಮನಪ್ಪ ಬಾಗಲಕೋಟೆ ಕಡೆಯವನು. ಹೊಳೆವ್ವನವರ ಬಾಯಲ್ಲಿ ತನ್ನ ಸೀಮೆಯ ಮಾತು ಕೇಳಿದೊಡನೆ ಅವನ ಬಿಗುವು ಕಡಿಮೆಯಾಯಿತು. ಗಾಡಿ ಯಾವಾಗಲೂ ಪೀಣ್ಯ ಎರಡನೇ ಹಂತದಲ್ಲಿ, ರಸ್ತೆ ಅಗೆದಿಟ್ಟ ಕಡೆ ಕುಲುಕಾಡಿದ ಮೇಲೆಯೇ ನಿಲ್ಲುತ್ತದೆ ಎಂದ. ದೀಪಗಳೆಲ್ಲ ಒಮ್ಮೆಲೇ ಆರುತ್ತವೆ, ಕೀಲಿ ತಿರುವಿದರೆ ಸದ್ದೇ ಇರುವುದಿಲ್ಲ.

"ರೇಡಿಯೋದಾಗಿನ ಸ್ಟೇಶನ್ನೂ ಅಳಿಸಿ ಹೋಗತಾವ್ರಿ ಅಮ್ಮಾರ. ಗಡಿಯಾರನೂ ಹನ್ನೆರಡಕ್ಕ ಹೋಗಿ ಕುಂದರತೈತಿ."

"ಶೋರೂಮಿನವರು ಬ್ಯಾಟರಿ ಬಿಚ್ಚಿದ ಮ್ಯಾಲೋ, ಅದಕ್ಕೂ ಮೊದಲೋ?"

"ಮೊದಲರೀ. ಎಳಿಯೋ ಗಾಡಿ ಬಂದು ಹಗ್ಗ ಹಚ್ಚಿದಾಗ ಒಮ್ಮೊಮ್ಮೆ ದೀಪ ಹತ್ತತಾವು. ಆಗ ನೋಡಿದ್ರ ಹನ್ನೆರಡು ಗಂಟಿ."

ಹೊಳೆವ್ವನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಪಕ್ಕ ಮಂಡಿಯೂರಿ ಕೂತರು. ನನ್ನ ಮೊಬೈಲಿನ ಬೆಳಕನ್ನು ಕೆಳಕ್ಕೆ ಬಿಡಿಸಿದರು. ಧೂಳು, ಗ್ರೀಸು ಮೆತ್ತಿದ ಬೋಲ್ಟುಗಳ ನಡುವೆ ಒಂದರ ತಲೆ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೂಲೆಗಳು ಸವೆದಿದ್ದವು. ಒಂದು ದಪ್ಪ ಕಪ್ಪು ವೈರು ಅದರ ಕೆಳಗೆ ಸೇರಿತ್ತು. ಅವರು ಎದ್ದು ಕೈ ಒರೆಸಿಕೊಂಡರು.

ಅಲ್ಲಿಂದ ಸರ್ವೀಸ್ ಸೆಂಟರಿಗೆ ಹೋದೆವು. ಅಲ್ಲಿನ ಮೇಲ್ವಿಚಾರಕ ಮಲ್ಲಿಕ್ ಕಲಬುರಗಿಯ ಹುಡುಗ. ಗಿರಾಕಿಗಳ ಬೈಗುಳ ತಿಂದು ತಿಂದು ಬೇಸತ್ತಿದ್ದ. ಈ ಪಿಕಪ್ಪಿನ ಹೆಸರೆತ್ತಿದರೆ ನನಗೆ ತಲೆನೋವು ಬರುತ್ತದೆ ಎಂದ. ಕಂಪ್ಯೂಟರ್ ತೋರಿಸಿದ ಭಾಗವನ್ನು ನಾವು ಬದಲಿಸುತ್ತೇವೆ, ಬೇರೆ ದಾರಿ ಏನಿದೆ ಎಂದು ಕೇಳಿದ. ಗಾಡಿ ಮೇಲೆತ್ತಿದಾಗ ಕೆಳಗಿನ ಬೋಲ್ಟುಗಳನ್ನು ಬಿಗಿ ಮಾಡುತ್ತೀರಾ ಎಂದು ಹೊಳೆವ್ವನವರು ವಿಚಾರಿಸಿದರು. ಬಂದ ಗಾಡಿಗೆಲ್ಲ ಸ್ಪ್ಯಾನರ್ ಹಾಕಿ ನೋಡುವುದು ಹುಡುಗರ ರೂಢಿ, ಸಡಿಲವಿದ್ದದ್ದನ್ನು ಬಿಗಿದು ಮುಂದೆ ಹೋಗುತ್ತಾರೆ, ಅದನ್ನು ಯಾರೂ ದೋಷವೆಂದು ಹೇಳುವುದಿಲ್ಲ ಎಂದ ಮಲ್ಲಿಕ್.

ಆಟೋದಲ್ಲಿ ಮನೆಗೆ ಬರುವಾಗ ನನಗೆ ತಾಳ್ಮೆ ತಪ್ಪಿತ್ತು. ಗಾಡಿ ಯಾಕೆ ನಿಲ್ಲುತ್ತದೆಂದು ಈಗಲಾದರೂ ಹೇಳಿ ಎಂದೆ.

"ಮಾಸ್ತರ, ಗಾಡಿ ಯಾಕ ನಿಂತತಿ ಅಂತ ಎಲ್ಲಾರೂ ಕೇಳಾಕತ್ತಾರ. ಗಾಡಿ ನಿಂತ ಮ್ಯಾಲ ಏನು ನಡೀತತಿ ಅಂತ ಒಬ್ಬರೂ ಕೇಳವಲ್ರು," ಎಂದರು.

ಭಾನುವಾರ ಶೆಡ್ಡು ಮುಚ್ಚಿದ್ದಾಗ ಕೃಪಾ, ಹೊಳೆವ್ವನವರು, ನಾನು, ಮೂವರೇ ಸೇರಿ ಡ್ರಮ್ಮುಗಳಿಗೆ ಕಬ್ಬಿಣದ ಚೂರು ತುಂಬಿ, ಹಿತ್ತಾಳೆಯದ್ದೆಂಬಂತೆ ಮುಚ್ಚಳ ಬಿಗಿದೆವು. ಹೊಳೆವ್ವನವರು ಗಾಡಿಯ ಕೆಳಗೆ ಕೈ ಹಾಕಿ, ಆ ಹೊಳೆಯುವ ಬೋಲ್ಟಿನಿಂದ ಪಕ್ಕದ ಕಬ್ಬಿಣದವರೆಗೆ ನೇಲ್ ಪಾಲಿಶಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದರು. ಬೋಲ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿಯುತ್ತದೆ.

ಆಮೇಲೆ ಕೃಪಾ ಅವರು ಹೇಳಿಕೊಟ್ಟಂತೆ ನಡೆದಳು. ಸೋಮವಾರ ಹಿತ್ತಾಳೆ ಹೋಗುತ್ತದೆಂದು ತಂದೆಗೊಬ್ಬರಿಗೇ ಹೇಳಿದಳು. ಬೆಳಿಗ್ಗೆ ನೋಡಿದರೆ ಗೆರೆ ಹಾಗೇ ಇತ್ತು. ಫೌಂಡ್ರಿಯವರು ಮುಂದೂಡಿದರು ಎಂದು ನೆಪ ಹೇಳಿ ಗಾಡಿ ನಿಲ್ಲಿಸಿದಳು. ಮಂಗಳವಾರಕ್ಕೆಂದು ಯಮನಪ್ಪನಿಗೊಬ್ಬನಿಗೇ ಹೇಳಿದಳು. ಆಗಲೂ ಗೆರೆ ಅಲುಗಲಿಲ್ಲ, ಮತ್ತೆ ಅದೇ ನೆಪ ಹೇಳಿದಳು. ಬುಧವಾರಕ್ಕೆಂದು ಶ್ರೀಧರನಿಗೊಬ್ಬನಿಗೇ ಹೇಳಿದಳು.

ಬುಧವಾರ ಬೆಳಿಗ್ಗೆ ಅವಳ ಫೋನು ಬಂತು. "ಗೆರೆ ಮುರಿದಿದೆ ಮೇಡಂ," ಎಂದಳು.

ಗಾಡಿಯನ್ನು ಹೊರಡಲು ಬಿಡು ಎಂದರು ಹೊಳೆವ್ವನವರು. ಅಗೆದಿಟ್ಟ ರಸ್ತೆಯ ಬಳಿ ನಾವು ಆಟೋದಲ್ಲಿ ಕಾಯುತ್ತಿದ್ದೆವು. ಪಿಕಪ್ ಬಂತು, ಗುಂಡಿಗಳಲ್ಲಿ ಎಗರಿತು, ಸ್ವಲ್ಪ ಮುಂದೆ ಹೋಗಿ ಸತ್ತಂತೆ ನಿಂತಿತು. ಯಮನಪ್ಪ ಕೆಳಗಿಳಿದು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡದ್ದು ಕಂಡಿತು. ಅವನು ಫೋನು ಕೆಳಗಿಡುವಷ್ಟರಲ್ಲಿ ನಲ್ಲಪ್ಪನ ಟೆಂಪೋ ಪಕ್ಕದ ಅಡ್ಡರಸ್ತೆಯಿಂದಲೇ ಬಂತು. ಡ್ರಮ್ಮುಗಳು ಅದಕ್ಕೆ ಏರಿದವು. ಟೆಂಪೋ ಫೌಂಡ್ರಿಯ ಕಡೆಯ ತುಮಕೂರು ರಸ್ತೆಗೆ ಹೋಗದೆ ರಾಜಗೋಪಾಲನಗರದ ಹಿಂದಿನ ಒಂದು ಗೋದಾಮಿಗೆ ತಿರುಗಿತು. ಹಿಂಬಾಲಿಸಿ ಹೋಗಿ ಬಾಗಿಲ ಸಂದಿಯಿಂದ ನೋಡಿದರೆ ಒಳಗೆ ನಲ್ಲಿಗೆ ಸಿಕ್ಕಿಸಿದ ಪೈಪು, ಸಾಲಾಗಿ ಖಾಲಿ ಚೀಲಗಳು. ನಲ್ಲಪ್ಪ ಮುಚ್ಚಳ ತೆಗೆದ, ಕೈ ಹಾಕಿದ, ಗಾಬರಿಯಾಗಿ ಫೋನು ಕಿವಿಗೆ ಹಚ್ಚಿದ. "ಶ್ರೀಧರಣ್ಣ, ಇದು ಕಬ್ಬಿಣ," ಎಂದದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟನ್ನೂ ನಾನು ಮೊಬೈಲಿನಲ್ಲಿ ಹಿಡಿದೆ.

ಮಧ್ಯಾಹ್ನ ಎಲ್ಲರೂ ಶೆಡ್ಡಿನ ಆಫೀಸಿನಲ್ಲಿ ಸೇರಿದರು. ಕೃಪಾ, ಗೋಪಾಲಪ್ಪನವರು, ಶ್ರೀಧರ, ಯಮನಪ್ಪ, ಜೊತೆಗೆ ಕರೆಸಿಕೊಂಡ ಮಲ್ಲಿಕ್. ತನ್ನನ್ನು ಕೆಲಸದಿಂದ ತೆಗೆಯಲು ಕರೆದಿದ್ದಾರೆಂದು ಯಮನಪ್ಪ ತಿಳಿದಿದ್ದ. ಬಾಗಿಲ ಬಳಿಯೇ ನಿಂತಿದ್ದ.

ಹೊಳೆವ್ವನವರು ನಿಧಾನವಾಗಿ ಶುರುಮಾಡಿದರು. ಒಂದೇ ಗಾಡಿಗೆ ಪ್ರತಿ ಸಲವೂ ಬೇರೆ ಬೇರೆ ಕಾಯಿಲೆ ಬಂದರೆ, ಬೇರು ಒಂದೇ ಇರಬೇಕು ಎಂಬುದು ಅವರ ಮೊದಲ ಅನುಮಾನ. ಗಡಿಯಾರ ಹನ್ನೆರಡಕ್ಕೆ ಹೋಗುತ್ತದೆ ಎಂದು ಯಮನಪ್ಪ ಹೇಳಿದ ಕೂಡಲೇ ಆ ಬೇರು ಕಂಡಿತಂತೆ. ಶೋರೂಮಿನವರು ಮುಟ್ಟುವ ಮೊದಲೇ ಗಾಡಿಗೆ ಕರೆಂಟು ಪೂರ್ತಿ ತಪ್ಪುತ್ತಿತ್ತು. ಬ್ಯಾಟರಿಯಿಂದ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಹೋಗುವ ಅರ್ಥಿಂಗ್ ವೈರಿನ ಬೋಲ್ಟು ಸಡಿಲವಾದರೆ, ನಿಂತಲ್ಲಿ ಗಾಡಿ ಸ್ಟಾರ್ಟ್ ಆಗುತ್ತದೆ, ಗುಂಡಿಯಲ್ಲಿ ಕುಲುಕಿದಾಗ ಸಂಪರ್ಕ ಕಡಿಯುತ್ತದೆ. ಕರೆಂಟು ಹೀಗೆ ಹೋಗಿ ಬಂದು ಮಾಡಿದಾಗ ಕಂಪ್ಯೂಟರ್ ಗೊಂದಲಗೊಂಡು ಬಾಯಿಗೆ ಬಂದ ಕಾಯಿಲೆ ಹೇಳುತ್ತದೆ. ಸರ್ವೀಸ್ ಸೆಂಟರಿನಲ್ಲಿ ಹುಡುಗರು ರೂಢಿಯಂತೆ ಬೋಲ್ಟು ಬಿಗಿಯುತ್ತಾರೆ, ಗಾಡಿ ಗುಣವಾಗುತ್ತದೆ, ಕೀರ್ತಿ ಹೊಸ ಪಂಪಿಗೆ ಹೋಗುತ್ತದೆ. ಕಳ್ಳನ ಗುರುತನ್ನು ಶೋರೂಮಿನವರೇ ತಿಳಿಯದೆ ಅಳಿಸುತ್ತಿದ್ದರು. ಮಲ್ಲಿಕ್ ತಲೆ ಕೆರೆದುಕೊಂಡ.

ಬೋಲ್ಟು ತಾನಾಗಿ ಸಡಿಲವಾಗುವುದಾದರೆ ಮೇವಿನ ದಿನವೂ, ಕಬ್ಬಿಣದ ದಿನವೂ ಗಾಡಿ ನಿಲ್ಲಬೇಕಿತ್ತು. ಹಿತ್ತಾಳೆಯ ದಿನ ಮಾತ್ರ ನಿಲ್ಲುತ್ತದೆ ಎಂದರೆ, ಮಾಲು ಬೇರೆ ಗಾಡಿಗೆ ಏರಲಿ ಎಂದು ಯಾರೋ ಬಯಸಿದ್ದಾರೆ. ಅದಕ್ಕೆ ಸಾಕ್ಷಿ ಫೌಂಡ್ರಿಯವರ ಬೈಗುಳ. ಇಲ್ಲಿಂದ ಒಣಗಿ ಹೊರಟ ಚೂರು ಅಲ್ಲಿ ಒದ್ದೆಯಾಗಿ ಇಳಿಯುತ್ತಿತ್ತು. ಅರ್ಧ ದಾರಿಯಲ್ಲಿ ಹಿತ್ತಾಳೆ ತೆಗೆದು, ತೂಕ ಸರಿದೂಗಲು ಉಳಿದದ್ದಕ್ಕೆ ನೀರು ಬಿಡುತ್ತಿದ್ದರು.

"ಮೂರು ಮಂದಿಗೆ ಮೂರು ದಿನ ಹೇಳಿಸಿದೆ. ಶ್ರೀಧರ, ನಿನಗ ಹೇಳಿದ ದಿನಾನ ಗೆರಿ ಮುರೀತು."

ನಾನು ಗೋದಾಮಿನ ವಿಡಿಯೊ ತೋರಿಸಿದೆ. ಶ್ರೀಧರ ಪೂರ್ತಿ ನೋಡಲಿಲ್ಲ. ಈ ಜಮೀನು ತನ್ನ ಅಪ್ಪನದು, ಶೆಡ್ಡು ಅಕ್ಕನ ಹೆಸರಲ್ಲಿದೆ, ತಾನು ಅಲ್ಲಿ ಕೂಲಿಯವನಂತೆ ಇದ್ದೇನೆ, ತನ್ನದೇ ಒಂದು ಶೆಡ್ಡು ಹಾಕಬೇಕೆಂದಿದ್ದೆ ಎಂದು ನೆಲ ನೋಡುತ್ತಲೇ ಹೇಳಿದ.

"ಕೇಳಿದ್ರೆ ಕೊಡ್ತಿರ್ಲಿಲ್ವೇನೋ?" ಎಂದಳು ಕೃಪಾ.

ಹಾಗಾದರೆ ನೀವು ಮುಂಜಾನೆ ಗಾಡಿಯ ಬಳಿ ಬಗ್ಗಿ ಏನು ಮಾಡುತ್ತಿದ್ದಿರಿ ಎಂದು ನಾನು ಗೋಪಾಲಪ್ಪನವರನ್ನು ಕೇಳಿದೆ. ಅವರು ಮುಜುಗರದಿಂದ ಗೋಡೆ ನೋಡಿದರು. "ಚಕ್ರದ ಕೆಳೀಕೆ ನಿಂಬೆಅಣ್ಣು ಇಡ್ತಿದ್ದೆ. ಮಗಳು ದಿನಾ ಅಳೋದು ನೋಡಕ್ಕಾಗ್ತಿರ್ಲಿಲ್ಲ. ಬೈದ ಬಾಯಲ್ಲೇ ಎಂಗೆ ಏಳ್ಕಳ್ಳಿ?" ಎಂದರು. ಮಗನ ಕಡೆ ಅವರು ಒಮ್ಮೆಯೂ ತಿರುಗಲಿಲ್ಲ.

ಕೃಪಾ ಎದ್ದು ಬಾಗಿಲ ಬಳಿ ಹೋದಳು. ಅಷ್ಟೂ ಜನರ ಎದುರಿಗೆ ಯಮನಪ್ಪನಿಗೆ ಕೈ ಮುಗಿದು, ತಪ್ಪಾಯಿತು ಎಂದಳು. ಅವನು ಗಾಬರಿಯಿಂದ ಹಿಂದೆ ಸರಿದ. ಆಮೇಲೆ ತಮ್ಮನಿಗೆ ಹೇಳಿದಳು: ನಾಳೆ ಫೌಂಡ್ರಿಗೂ ಪಂಪ್ ಕಂಪನಿಗೂ ಅವನೇ ಹೋಗಿ ಆದದ್ದನ್ನು ತನ್ನ ಬಾಯಿಂದ ಹೇಳಬೇಕು. ಹೇಳಿದ ಮೇಲೆ ಈ ಶೆಡ್ಡಿಗೆ ಬರಬಾರದು. ಹೇಳದಿದ್ದರೆ ನಲ್ಲಪ್ಪನ ಜೊತೆ ಅವನ ಹೆಸರೂ ಪೊಲೀಸರಿಗೆ ಹೋಗುತ್ತದೆ.

ಎಲ್ಲರೂ ಹೋದ ಮೇಲೆ ಅವಳು ನಮ್ಮ ಹತ್ತಿರ ಬಂದು ಕೂತಳು. "ಇಷ್ಟು ದಿನ ಗಾಡಿ ಮೇಲೆ ಕೋಪ ಮಾಡ್ಕೊಂಡೆ ಮೇಡಂ. ಅದೇ ಸುಲಭ ಇತ್ತು," ಎಂದಳು. ಹೊಳೆವ್ವನವರು ಅವಳ ಬೆನ್ನ ಮೇಲೆ ಕೈಯಿಟ್ಟರು.

ಶ್ರೀಧರ ಎರಡೂ ಕಡೆ ಹೋಗಿ ಹೇಳಿದ. ಪಂಪ್ ಕಂಪನಿಯವರು ಇನ್ನೊಂದು ಅವಕಾಶ ಕೊಟ್ಟರು. ಮುಂದಿನ ವಾರ ನಿಜವಾದ ಹಿತ್ತಾಳೆ ಹೊತ್ತು ಪಿಕಪ್ ಹೊರಟ ದಿನ ಕೃಪಾ ನಮ್ಮನ್ನೂ ಕರೆಸಿಕೊಂಡಿದ್ದಳು. ಕೆಲಸ ನಡೆಯುತ್ತಿದ್ದರೂ ಅವಳ ಕಣ್ಣು ಫೋನಿನ ಮೇಲೆಯೇ ಇತ್ತು. ಯಮನಪ್ಪನ ಕರೆ ಬಂತು. ದಾಬಸ್‌ಪೇಟೆ ಮುಟ್ಟಿದೆ, ಡ್ರಮ್ಮು ಇಳಿಸುತ್ತಿದ್ದಾರೆ, ಚೂರು ಒಣಗಿದೆ ಅಂದರು ಎಂದ. ಕೃಪಾ "ಸರಿ ಯಮನಪ್ಪ" ಎಂದು ಫೋನು ಕೆಳಗಿಟ್ಟಳು. ಲೇತ್‌ಗಳ ಸದ್ದಿನ ನಡುವೆ, ಯಾರಿಗೂ ಕೇಳಿಸದಂತೆ, ಮುಖ ಮುಚ್ಚಿಕೊಂಡು ಅತ್ತಳು.