ಸುಮಲತಾ ಅತ್ತೆಯ ಬಟ್ಟಲು

"ಮುಗೀತೇನ?" ಅಡುಗೆಮನೆಯಿಂದ ಆಯಿ ಕೂಗಿದಳು.

"ಮುಗ್ಯಾಕತ್ತೈತಿ!" ಎಂದು ಕರುಣಾ ಕೂಗಿ, ಕೊನೆಯ ಚಮಚ ಸಜ್ಜಕವನ್ನು ಗಬಕ್ಕನೆ ತನ್ನ ಬಾಯಿಗೇ ಹಾಕಿಕೊಂಡಳು.

ಮಂಚದ ಮೇಲೆ ಮಲಗಿದ್ದ ಸುಮಲತಾ ಅತ್ತೆ ಕಣ್ಣಲ್ಲೇ ನಕ್ಕಳು. "ತುಟಿ ಒರಸ್ಕೋ. ತುಪ್ಪ ಹತ್ತೈತಿ," ಎಂದಳು ಮೆಲ್ಲಗೆ.

ಕರುಣಾ ಯೂನಿಫಾರ್ಮಿನ ತೋಳಿನಿಂದಲೇ ತುಟಿ ಒರೆಸಿಕೊಂಡಳು. ಅಷ್ಟರಲ್ಲಿ ಆಯಿ ಬಂದೇಬಿಟ್ಟಳು. ಖಾಲಿ ಬಟ್ಟಲು ನೋಡಿ ಅವಳ ಮುಖ ಅರಳಿತು.

"ಅಯ್ಯ ನನ್ನವ್ವಾ! ಪೂರಾ ಉಂಡಾಳ ನೋಡು ನನ್ನ ಮಗಳು!"

ಆಯಿ ಅಂದರೆ ಕರುಣಾಳ ಅಜ್ಜಿ, ಅಪ್ಪನ ತಾಯಿ. ಸುಮಲತಾ ಅತ್ತೆ ಅಂದರೆ ಅಪ್ಪನ ಅಕ್ಕ. ಉಪ್ಪಿನಬೆಟಗೇರಿಯ ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದಳು. ಅವಳ ಹೊಟ್ಟೆಯಲ್ಲಿ ಕ್ಯಾನ್ಸರ್. ಆಪರೇಶನ್ ಆಯಿತು, ಇಂಜೆಕ್ಷನ್ ಆಯಿತು, ಎರಡು ವರ್ಷ ದವಾಖಾನೆ ಸುತ್ತಿದ್ದೂ ಆಯಿತು. ಹೋದ ತಿಂಗಳು ಡಾಕ್ಟರು, "ಇನ್ನ ಔಷಧದಿಂದ ಗುಣ ಆಗೂದಿಲ್ರಿ. ಮನ್ಯಾಗ ಇಟ್ಕೊಂಡು, ನೋವು ಆಗದಂಗ ನೋಡ್ಕೋರಿ," ಎಂದಿದ್ದರು. ಅಪ್ಪ ಕೇಳಿಸಿಕೊಂಡ, ಅವ್ವ ಕೇಳಿಸಿಕೊಂಡಳು, ಅತ್ತೆಯೂ ಕೇಳಿಸಿಕೊಂಡಳು. ಆಯಿ ಮಾತ್ರ ಕೇಳಿಯೂ ಕೇಳದ ಹಾಗಿದ್ದಳು.

"ಹೊಟ್ಟಿಗೆ ಬಿದ್ರ ಶಕ್ತಿ ಬರತೈತಿ. ಶಕ್ತಿ ಬಂದ್ರ ರೋಗ ಓಡಿ ಹೋಗತೈತಿ." ಇದು ಆಯಿಯ ಡಾಕ್ಟರಿಕೆ. ಬೆಳಿಗ್ಗೆ ಗಂಜಿ, ಸಂಜೆ ರವೆ-ಬೆಲ್ಲ ಬೇಯಿಸಿ ತುಪ್ಪ ಹಾಕಿದ ಸಜ್ಜಕ. ಎರಡು ಚಮಚಕ್ಕೇ ಅತ್ತೆ ಸಾಕು ಎಂದರೆ, "ನನ್ನ ಆಣಿ, ಇನ್ನೊಂದು ತುತ್ತು," ಎನ್ನುತ್ತಿದ್ದಳು. ಆ ಇನ್ನೊಂದು ತುತ್ತು ವಾಂತಿಯಾಗುತ್ತಿತ್ತು. ಅತ್ತೆ ಹೊಟ್ಟೆ ಹಿಡಿದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಆಯಿ ಹಿತ್ತಲಿಗೆ ಹೋಗಿ ಒಬ್ಬಳೇ ಅಳುತ್ತಿದ್ದಳು.

ಹತ್ತು ದಿನದ ಹಿಂದೆ ಆಯಿ ಬಟ್ಟಲನ್ನು ಕರುಣಾಳ ಕೈಗೆ ಕೊಟ್ಟು, "ನೀ ಉಣಿಸಿ ನೋಡು," ಎಂದಿದ್ದಳು. ಆಯಿ ಆಚೆ ಹೋದದ್ದೇ ತಡ, ಅತ್ತೆ ಪಿಸುಗುಟ್ಟಿದ್ದಳು: "ಅದನ್ನ ನೀನ ತಿಂದ್ಬಿಡು. ಆಯಿಗೆ ಹೇಳಬ್ಯಾಡ."

ಸಜ್ಜಕ ಎಂದರೆ ಕರುಣಾಳಿಗೆ ಪ್ರಾಣ. ಮರುಮಾತಿಲ್ಲದೆ ಒಪ್ಪಿದ್ದಳು. ಅಂದಿನಿಂದ ಅತ್ತೆಗೆ ಕರುಣಾಳ ಕೈಯಿಂದಲೇ ಎರಡೂ ಹೊತ್ತಿನ ಊಟ. ಹುಡುಗಿಗೆ ಈಗ ಸಜ್ಜಕದ ವಾಸನೆ ಬಂದರೇ ಸಾಕು ಸಾಕೆನಿಸುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ! ರಾತ್ರಿ ರೊಟ್ಟಿ ಬೇಡ ಎಂದರೆ ಅವ್ವನ ಬೈಗುಳ ಬೇರೆ: "ಹೊರಗ ಗೋಬಿ ತಿಂದ ಬಂದಿ ಹೌದಿಲ್ಲೋ?"

ಶನಿವಾರ ಮಧ್ಯಾಹ್ನ ಸಿಸ್ಟರ್ ದಾಕ್ಷಾಯಿಣಿ ಬಂದರು. ಹದಿನೈದು ದಿನಕ್ಕೊಮ್ಮೆ ಸ್ಕೂಟಿಯಲ್ಲಿ ಬಂದು, ಅತ್ತೆಯನ್ನು ನೋಡಿ, ನೋವಿನ ಗುಳಿಗೆ ಕೊಟ್ಟು ಹೋಗುವವರು ಅವರು. ಚಪ್ಪಲಿ ಬಿಡುವುದಕ್ಕೂ ಆಯಿ ಬಿಡಲಿಲ್ಲ.

"ಸಿಸ್ಟರ್, ದಿನಾ ಎರಡ ಬಟ್ಟಲಾ ಉಣ್ಣಾಕತ್ತಾಳ್ರಿ! ಶಕ್ತಿ ಬಂದೈತಿ. ಸೋಮವಾರ ದವಾಖಾನಿಗೆ ಒಯ್ದು ಮತ್ತ ಇಂಜೆಕ್ಷನ್ ಚಾಲೂ ಮಾಡಸ್ತೇವಿ. ಗುಲಾಬಸಾಬಗ ಆಟೋ ತರಾಕ ಹೇಳೇನಿ."

"ಎರಡ ಬಟ್ಟಲಾ? ಖರೇನ?" ಸಿಸ್ಟರ್‌ಗೆ ಆಶ್ಚರ್ಯವಾಯಿತು. "ಹಂಗಾದ್ರ ಡಾಕ್ಟರಿಗೆ ಒಂದು ಮಾತು ಕೇಳೂಣ್ರಿ." ಅವರು ಫೋನ್ ತೆಗೆದರು.

"ಬ್ಯಾಡವ್ವಾ..." ಎಂದಳು ಅತ್ತೆ. ಅವಳ ದನಿ ಮಂಚ ದಾಟಿ ಹೋಗಲಿಲ್ಲ.

ಕರುಣಾಳಿಗೆ ಹೋದ ಸಲದ ಇಂಜೆಕ್ಷನ್ ನೆನಪಾಯಿತು. ಮೂರು ದಿನ ಅತ್ತೆ ತಲೆ ಎತ್ತಿರಲಿಲ್ಲ. ನಿಜ ಹೇಳಿದರೆ ಆಯಿಯ ಅರಳಿದ ಮುಖ ಬಾಡಿಹೋಗುತ್ತದೆ. ಹೇಳದಿದ್ದರೆ ಸೋಮವಾರ ಆಟೋ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅವಳು ಆಯಿಯ ಸೆರಗು ಹಿಡಿದು ಎಳೆದಳು.

"ಆಯಿ, ಅತ್ತಿ ಉಂಡಿಲ್ಲ. ನಾ ಉಂಡೇನಿ."

"ಏನಂದಿ?"

"ದಿನಾ... ಎರಡೂ ಹೊತ್ತು... ನಾನ ಉಂಡೇನಿ." ಕರುಣಾ ಅಳತೊಡಗಿದಳು. ಈಗ ಬೆನ್ನಿಗೆ ಏಟು ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡಳು.

ಏಟು ಬೀಳಲಿಲ್ಲ. "ಅಕಿಗೆ ಬೈಬ್ಯಾಡವ್ವಾ, ನಾನ ಹೇಳಿದ್ದೆ," ಎಂದಳು ಅತ್ತೆ. "ನಂಗ ಉಣ್ಣಾಕ ಆಗೂದಿಲ್ಲ. ನೀ ಅಳೂದು ನೋಡಾಕೂ ಆಗೂದಿಲ್ಲ."

ಆಯಿ ನೆಲದ ಮೇಲೆ ಕೂತಳು. "ಉಣಿಸಬ್ಯಾಡ ಅಂದ್ರ ನಾ ಏನ್ ಮಾಡ್ಲಿ?" ಎಂದಳು. "ತಾಯಿ ಅದೇನಿ. ನಂಗ ಮತ್ತೇನ್ ಬರತೈತಿ?"

ಸಿಸ್ಟರ್ ಫೋನ್ ಬದಿಗಿಟ್ಟು ಅವಳ ಪಕ್ಕದಲ್ಲೇ ಕೂತರು. "ಅಮ್ಮಾರ, ಉಣ್ಣದ್ದಕ್ಕ ರೋಗ ಹೆಚ್ಚಾಗಿಲ್ರಿ. ರೋಗದಿಂದ ಹಸಿವು ಹೋಗೈತಿ. ಒತ್ತಾಯ ಮಾಡಿದ್ರ ಅವರಿಗೆ ತ್ರಾಸ. ತುಟಿ ಒಣಗತಾವ, ಹಸಿ ಹತ್ತಿಲೆ ತೋಯಿಸ್ರಿ. ಕಾಲಿಗೆ ಎಣ್ಣಿ ತಿಕ್ರಿ. ಬಾಜೂಕ ಕುಂದರ್ರಿ. ಅದೂ ತಾಯಿ ಕೆಲಸಾನ."

ಸಂಜೆ ಆಯಿ ತಾನೇ ಹೋಗಿ ಗುಲಾಬಸಾಬನಿಗೆ ಆಟೋ ಬೇಡ ಎಂದು ಹೇಳಿಬಂದಳು.

ಮರುದಿನ ಸಂಜೆ ಅಡುಗೆಮನೆಯಿಂದ ಮತ್ತೆ ಸಜ್ಜಕದ ವಾಸನೆ ಬಂತು. ಇಷ್ಟೆಲ್ಲಾ ಆದರೂ ಆಯಿಗೆ ತಿಳಿಯಲಿಲ್ಲವೇ ಎಂದು ಕರುಣಾಳಿಗೆ ಗಾಬರಿಯಾಯಿತು.

ಆಯಿ ಬಟ್ಟಲನ್ನು ಸ್ಟೂಲಿನ ಮೇಲಿಟ್ಟಳು. ಮೊದಲು ಹತ್ತಿ ನೀರಲ್ಲಿ ಅದ್ದಿ, ಮಗಳ ತುಟಿ ನಿಧಾನವಾಗಿ ತೋಯಿಸಿದಳು. "ಸುಮಾ, ಈ ವಾಸನಿ ತ್ರಾಸ ಕೊಡತೈತೇನ?"

"ಇಲ್ಲವ್ವ. ಛಲೋ ಐತಿ."

ಆಗ ಆಯಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, "ಕರುಣಾ, ಬಾ ಇಲ್ಲೆ. ಬಾಯಿ ತಗಿ," ಎಂದಳು.

ಕರುಣಾ ಈಗಷ್ಟೇ ಎರಡು ರೊಟ್ಟಿ ತಿಂದಿದ್ದಳು. ಬೇಡ ಎನ್ನಬೇಕೆಂದವಳು ಆಯಿಯ ಕೈ ನೋಡಿದಳು. ತುತ್ತು ಹಿಡಿದ ಆ ಕೈ ಅವಳ ಬಾಯಿಗಾಗಿ ಕಾಯುತ್ತಿತ್ತು. ಅತ್ತೆಯೂ ಅದನ್ನೇ ನೋಡುತ್ತಿದ್ದಳು. ಇವತ್ತು ಅವಳು ಗೋಡೆಯ ಕಡೆ ತಿರುಗಿರಲಿಲ್ಲ.

ಕರುಣಾ ಹತ್ತಿರ ಹೋಗಿ ಕೂತು ಬಾಯಿ ತೆರೆದಳು.

"ಇನ್ನೊಂದು ತುತ್ತು," ಎಂದಳು ಆಯಿ.

ಕರುಣಾ ಮತ್ತೆ ಬಾಯಿ ತೆರೆದಳು.