ಏಳನೆಯ ಮನೆಯ ರೊಟ್ಟಿ

“ಆ ಹೆಸರು ಅಳಸ್ರೀ! ಹನ್ನೊಂದೂ ಅಳಸ್ರೀ, ಈಗಿಂದೀಗ!”

ಸಿಡ್ನಿಯ ಬ್ಲ್ಯಾಕ್‌ಟೌನ್‌ನ ಸಮುದಾಯ ಭವನದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಊರ್ಮಿಳಾ ಬೆಚ್ಚಿಬಿದ್ದಳು. ವಿಡಿಯೋ ಕಾಲ್‌ನಲ್ಲಿ ಗದರಿದವನು ಕಾಬೂಲಿನ ಸೊಹ್ರಾಬ್, ಗದರಿದ್ದು ಮಾತ್ರ ಅಪ್ಪಟ ಧಾರವಾಡದ ಕನ್ನಡದಲ್ಲಿ!

“ನಿಮಗ... ಕನ್ನಡ?”

“ಎಂಟ ವರ್ಷ ಧಾರವಾಡದ ಹಾಸ್ಟೆಲ್ ಊಟಾ ಉಂಡೀನ್ರೀ. ಪಿಎಚ್‌ಡಿ ಅಲ್ಲೇ ಆತು. ನಿಮ್ಮ ಇಂಗ್ಲಿಷ್ ಕೇಳೇ ಆ ಕಡೆಯವರು ಅಂತ ಗೊತ್ತಾತು. ಮೊದಲ ಆ ಹೆಸರೆಲ್ಲಾ ಅಳಸ್ರೀ.”

ಕಾಬೂಲಿನಲ್ಲಿ ಅಧಿಕಾರ ಬದಲಾದಾಗ ಉಟ್ಟ ಬಟ್ಟೆಯಲ್ಲೇ ಹೊರಟುಬಂದ ಅಧ್ಯಾಪಕ ಆತ. ಈಗ ಮೆಲ್ಬರ್ನ್‌ನಲ್ಲಿ, ತನ್ನಂತೆಯೇ ದೇಶ ಬಿಟ್ಟ ವಿದ್ವಾಂಸರ ಜೊತೆ ಸೇರಿ ಅಧ್ಯಯನವೊಂದನ್ನು ನಡೆಸುತ್ತಿದ್ದ. ಶಾಲೆಗಳು ಬಾಗಿಲು ಮುಚ್ಚಿದ ಮೇಲೂ ಅಲ್ಲಿನ ಹುಡುಗಿಯರು ಮನೆಗಳಲ್ಲಿ ಗುಟ್ಟಾಗಿ ಹೇಗೆ ಕಲಿಯುತ್ತಿದ್ದಾರೆ ಎಂಬುದೇ ಅದರ ವಿಷಯ.

ಪಾಠ ಹೇಳುವ ಹನ್ನೊಂದು ಶಿಕ್ಷಕಿಯರು ದಿನಾ ಫೋನಿನಲ್ಲಿ ಹಾಜರಿ ಕಳಿಸುತ್ತಿದ್ದರು, ಅದೂ ರೊಟ್ಟಿಯ ಲೆಕ್ಕದಲ್ಲಿ. ‘ಇವತ್ತು ಒಂಬತ್ತು ರೊಟ್ಟಿ ಸುಟ್ಟೆ’ ಎಂದರೆ ಒಂಬತ್ತು ಹುಡುಗಿಯರು ಬಂದಿದ್ದರು. ನಾರ್ತ್ ಸಿಡ್ನಿಯ ಕಂಪನಿಯೊಂದರಲ್ಲಿ ಡೇಟಾ ಅನಲಿಸ್ಟ್ ಆಗಿದ್ದ ಊರ್ಮಿಳಾ ಪ್ರತಿ ಶನಿವಾರ ಬಂದು ಆ ಮಾಹಿತಿಯನ್ನು ಜೋಡಿಸಿಕೊಡುತ್ತಿದ್ದಳು.

“ಕೆಲಸಾ ಅವರದು. ಹೆಸರು ಯಾಕ ಬ್ಯಾಡ?” ಅವಳಿಗೂ ರೇಗಿತು. “ನಮ್ಮವ್ವ ಇಪ್ಪತ್ತಾರ ವರ್ಷ ಅಂಗನವಾಡಿಯೊಳಗ ದುಡದಾಳ. ಮನಿಮನಿ ಅಡ್ಡಾಡಿ ಆಕಿ ಬರಕೊಂಡ ಬಂದದ್ದನ್ನ ಸಾಹೇಬ್ರು ವರದಿ ಮಾಡಿದ್ರು. ಒಂದರಾಗೂ ಶಿವಲಿಂಗವ್ವ ಅನ್ನೂ ಹೆಸರಿಲ್ಲ!”

“ಅಲ್ಲಿ ಹೆಸರಂದ್ರ ಅಪಾಯ. ಎಲ್ಲಾರಿಗೂ ಒಂದೊಂದ ನಂಬರ್. ಯಾರು ಯಾರಿಗೆ ಏನಾಗಬೇಕು ಅಂತ ನಮ್ಮ ನಮ್ಮೊಳಗೂ ಹೇಳಂಗಿಲ್ಲ. ಅದು ನಾನ ಮಾಡಿದ ನಿಯಮ.”

ಅಳಿಸಿದಳು. ಆದರೆ ಮನಸ್ಸು ಒಪ್ಪದೆ ಪಟ್ಟಿಯ ಒಂದು ಪ್ರತಿಯನ್ನು ತನ್ನಲ್ಲೇ ಇಟ್ಟುಕೊಂಡಳು.

ಆಮೇಲೆ ನಾಲ್ಕು ತಿಂಗಳು ಶನಿವಾರ ಶನಿವಾರ ವಿಡಿಯೋ ಕಾಲ್. ಮಾತು ವರದಿಯಿಂದ ಮಿರ್ಚಿ ಭಜಿಗೆ ಜಾರುತ್ತಿತ್ತು. ಶಿಕ್ಷಕಿಯರು ಬರೆಯುವ ಲಿಪಿಯಲ್ಲಿ ಅಂಕಿಗಳನ್ನಷ್ಟೇ ಅವನು ಅವಳಿಗೆ ಕಲಿಸಿದ. ಶುಕ್ರವಾರ ಸಂಜೆಯಿಂದಲೇ ಅವಳು ಗಡಿಯಾರ ನೋಡಲು ಶುರುಮಾಡುತ್ತಿದ್ದಳು. ‘ಇದೇನಾಗ್ತಿದೆ ನನಗೆ...’

ಅಷ್ಟರಲ್ಲಿ ವರದಿಯ ಮುಖಪುಟ ಬಂತು. ‘ಸಂಶೋಧನೆ: ಡಾ. ಸೊಹ್ರಾಬ್.’ ಅಷ್ಟೇ! ಬೇರೆ ಒಬ್ಬರ ಹೆಸರೂ ಇಲ್ಲ!

‘ಇವನೂ ಅದೇ ಸಾಹೇಬರ ಪೈಕಿ!’ ಕೊನೆಯ ಪುಟದಲ್ಲಿ ಕೃತಜ್ಞತೆ ಎಂದು ಬರೆದು ಹನ್ನೊಂದು ಹೆಸರನ್ನೂ ಊರಿನ ಸಮೇತ ಸೇರಿಸಿ, ಅಧ್ಯಯನಕ್ಕೆ ಸೇರಿದ ಮೆಲ್ಬರ್ನ್‌ನ ನಲವತ್ತು ಜನರಿಗೆ ವರದಿಯ ಲಿಂಕ್ ಕಳಿಸಿಯೇಬಿಟ್ಟಳು.

ಹತ್ತು ನಿಮಿಷಕ್ಕೆ ಫೋನ್ ಬಂತು.

“ಊರ್ಮಿಳಾ... ತಗೀರಿ. ಕೈ ಮುಗೀತೀನಿ, ತಗೀರಿ...”

ಅವಳು ತಕ್ಷಣ ತೆಗೆದಳು. ಅಷ್ಟರಲ್ಲಿ ನಾಲ್ಕು ಜನ ತೆರೆದು ನೋಡಿಯಾಗಿತ್ತು.

“ಏಳನೇ ಹೆಸರು... ಶಕೀಬಾ... ನನ್ನ ತಂಗಿ ರೀ.”

ಊರ್ಮಿಳಾ ಮುಖಪುಟವನ್ನು ಮತ್ತೆ ನೋಡಿದಳು. “ಮತ್ತ ಮುಖಪುಟದಾಗ ನಿಮ್ಮದೊಂದ ಹೆಸರು...”

“ಸಿಟ್ಟು ಯಾರ್ದರ ಮ್ಯಾಲ ಬರೂದಿದ್ರ ನನ್ನ ಮ್ಯಾಲ ಬರ್ಲಿ ಅಂತ. ನಾ ದೂರ ಅದೀನಲ್ಲ.”

ಫೋನ್ ಕಟ್ಟಾಯಿತು. ಅವಳು ಅಲ್ಲೇ ಕುಸಿದು ಕೂತಳು. ‘ಅಯ್ಯೋ, ಏನು ಮಾಡಿಬಿಟ್ಟೆ!’

ಆ ನಾಲ್ವರಿಗೂ ಸೊಹ್ರಾಬ್ ತಾನೇ ಫೋನ್ ಮಾಡಿ ಆ ಪುಟವನ್ನು ಅಳಿಸಲು ಹೇಳಿದ. ಶಿಕ್ಷಕಿಯರಿಗೆಲ್ಲ ಎಚ್ಚರಿಕೆ ಹೋಯಿತು. ಮರುದಿನ ಹತ್ತು ಮನೆಗಳಿಂದ ರೊಟ್ಟಿಯ ಲೆಕ್ಕ ಬಂತು. ಏಳನೆಯ ಮನೆಯಿಂದ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರನೆಯ ದಿನ ಊರ್ಮಿಳಾ ರಜೆ ಹಾಕಿ ಮೆಲ್ಬರ್ನ್‌ಗೆ ಹಾರಿದಳು. ಡಾಕ್‌ಲ್ಯಾಂಡ್ಸ್‌ನ ಪುಟ್ಟ ಕಚೇರಿಯಲ್ಲಿ ಅವನೊಬ್ಬನೇ ಇದ್ದ. ಗಡ್ಡ ಕೆದರಿತ್ತು, ಕಣ್ಣು ಕೆಂಪಾಗಿತ್ತು. ಮೇಜಿನ ಮೇಲೆ ಫೋನ್.

“ಕ್ಷಮಾ ಕೇಳಾಕ ನನಗ ಬಾಯಿಲ್ಲ,” ಎಂದಳು. “ನಿಮ್ಮ ಜೋಡಿ ಕಾಯಾಕ ಬಂದೀನಿ.”

ಅವನು ಪಕ್ಕದ ಕುರ್ಚಿಯನ್ನು ಎಳೆದುಕೊಟ್ಟ. ಅವನೆದುರೇ ಅವಳು ಲ್ಯಾಪ್‌ಟಾಪ್ ತೆರೆದು ತನ್ನಲ್ಲಿದ್ದ ಆ ಪಟ್ಟಿಯನ್ನೂ ಅಳಿಸಿದಳು. ಗಂಟೆ ಎರಡಾಯಿತು... ಮೂರಾಯಿತು... ಕೆಳಗೆ ಟ್ರಾಮ್‌ಗಳು ಬಂದು ಹೋಗುತ್ತಲೇ ಇದ್ದವು.

ನಾಲ್ಕು ಗಂಟೆಗೆ ಫೋನ್ ಮಿನುಗಿತು! ಸೊಹ್ರಾಬ್ ಕೈ ಚಾಚಿದವನು ಹಿಂದಕ್ಕೆಳೆದುಕೊಂಡ.

“ನೀವ ನೋಡ್ರಿ... ನನ್ನ ಕೈಲೆ ಆಗೂದಿಲ್ಲ.”

ಅವಳು ಎತ್ತಿಕೊಂಡಳು. ಅಕ್ಷರಗಳು ಅರ್ಥವಾಗಲಿಲ್ಲ. ಹೆಸರಿನ ಜಾಗದಲ್ಲಿ ಏಳು ಎಂದಿತ್ತು, ನಡುವೆ ಇನ್ನೊಂದು ಅಂಕಿಯಿತ್ತು.

“ಹತ್ತು... ಸೊಹ್ರಾಬ್, ಹತ್ತು! ಮೊದಲ ಒಂಬತ್ತಿತ್ತಲ್ಲ? ಒಬ್ಬಾಕಿ ಹೆಚ್ಚಿಗಿ ಬಂದಾಳ!”

ಅವನು ಫೋನ್ ಕಸಿದುಕೊಂಡು ಓದಿದ. “‘ಒಲಿ ಬ್ಯಾರೆ ಮನಿಗೆ ಒಯ್ದೆ. ತಡ ಆತು.’” ಓದುತ್ತಲೇ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ.

“ನನ್ನಿಂದ ಆಕಿ ಮನಿ ಬಿಡೂವಂಗಾತು...” ಊರ್ಮಿಳಾಗೂ ಅಳು ಉಕ್ಕಿತು. “ಇನ್ನ ನನ್ನ ಮುಖಾ ನೋಡಬ್ಯಾಡ್ರಿ.”

“ಸಿಟ್ಟೈತಿ. ಭಾಳ ಸಿಟ್ಟೈತಿ.” ಅವನು ಕಣ್ಣೊರೆಸಿಕೊಂಡ. “ಆದ್ರ ಈ ಮೂರ ದಿನಾ ಬಾಜೂಕ ಯಾರರ ಇದ್ರ ಛಲೋ ಅನಿಸಿದಾಗೆಲ್ಲ ನೆನಪಾದಾಕಿ ನೀವ. ನಾ ನಿಮ್ಮನ್ನ ಪ್ರೀತಿ ಮಾಡ್ತೀನ್ರೀ. ಏನ ಮಾಡ್ಲಿ?”

ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

ಫೋನ್ ಮತ್ತೆ ಮಿನುಗಿತು.

“ಏನಂತ?”

“ದಿನಾ ಕೇಳ್ತಾಳ, ‘ಅಣ್ಣಾ, ನಿನ್ನ ಮನ್ಯಾಗ ಎಷ್ಟ ರೊಟ್ಟಿ?’ ಅಂತ. ದಿನಾ ಒಂದು ಅಂತ ಬರೀತೀನಿ.”

ಅವನು ನಿಧಾನವಾಗಿ ಒಂದೇ ಒಂದು ಅಂಕಿ ಒತ್ತಿದ. ಊರ್ಮಿಳಾ ಬಗ್ಗಿ ನೋಡಿದಳು. ಅವನೇ ಕಲಿಸಿದ ಅಂಕಿ.

“ಎರಡು...?”

“ಸುಳ್ಳ ಬರದೆನೇನು?”

ಅವಳು ಅವನ ಕೈ ಮೇಲೆ ಕೈಯಿಟ್ಟಳು.

“ಖರೇನ ಐತಿ. ಕಳಸ್ರೀ.”